ಕ್ರಾಸ್‌ಓವರ್ ರಾಕ್: ಯಾರು ಯಾರ ಮನೆಗೆ ಹೋದವರು?

ಮೂಡಿಗೆರೆ ಕಡೆ ಕಾಫಿ ತೋಟ ನೋಡಿಕೊಂಡಿರುವ ನನ್ನ ಗೆಳೆಯನಿಗೂ ನನಗೂ ನಡುವೆ ಇಪ್ಪತ್ತೈದು ವರ್ಷಗಳಿಂದ ಮುಗಿಯದ ಒಂದು ವಾದವಿದೆ. ಹಾಸನದ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದಾಗ, ಬೆಂಗಳೂರಿನಿಂದ ಯಾರೋ ನಕಲು ಮಾಡಿಸಿ ತಂದ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಸ್ಲೇಯರ್ ಎಂಬ ಮೆಟಲ್ ತಂಡದ, ಇನ್ನೊಂದು ಬದಿಯಲ್ಲಿ ಡಿ.ಆರ್.ಐ. ಎಂಬ ಪಂಕ್ ತಂಡದ ಹಾಡುಗಳಿದ್ದವು. ವಾದ ಹುಟ್ಟಿದ್ದು ಅಲ್ಲಿಂದ. ರಾಕ್ ಸಂಗೀತದ ಎರಡು ಕವಲುಗಳಾದ, ಗಿಡ್ಡ ಒರಟು ಹಾಡುಗಳ ಹಾರ್ಡ್‌ಕೋರ್ ಪಂಕ್ ಮತ್ತು ಭಾರವಾದ ಗಿಟಾರಿನ, ವೇಗದ ಥ್ರ್ಯಾಶ್ ಮೆಟಲ್ ಕೂಡಿದಾಗ ರೂಪುಗೊಂಡ ಸಂಗೀತಕ್ಕೆ ಕ್ರಾಸ್‌ಓವರ್, ಅಂದರೆ ದಾಟಿ ಹೋಗುವುದು, ಎಂಬ ಹೆಸರಿದೆ. ಹಾಗಾದರೆ ದಾಟಿ ಹೋದವರು ಯಾರು, ಪಂಕಿನವರೋ ಮೆಟಲಿನವರೋ? ಕಳೆದ ಭಾನುವಾರ ಅವನ ಮನೆಯ ಜಗುಲಿಯಲ್ಲಿ, ಮಳೆಗೆ ಕರೆಂಟು ಹೋಗಿದ್ದ ಮೂರು ಗಂಟೆಗಳ ಕಾಲ, ಇದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡೆವು. ಅಂದು ನಾನು ಪೂರ್ತಿಯಾಗಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೆಳೆಯ ಮೆಟಲಿನ ಪಕ್ಷದವನು. ಅವನ ಪಕ್ಷಕ್ಕೆ ಬಲವಾದ ಸಾಕ್ಷ್ಯವೂ ಇದೆ. 1985ರಲ್ಲಿ ಆಂಥ್ರ್ಯಾಕ್ಸ್ ಎಂಬ ಮೆಟಲ್ ತಂಡದ ಸ್ಕಾಟ್ ಇಯಾನ್ ಮತ್ತು ಚಾರ್ಲಿ ಬೆನಾಂಟೆ ಎಸ್.ಓ.ಡಿ. ಎಂಬ ಇನ್ನೊಂದು ತಂಡದಲ್ಲಿ ಸೇರಿ, ಮೆಟಲ್ ಗಿಟಾರಿನ ಭಾರವನ್ನು ಬಿಡದೆ ಹಾರ್ಡ್‌ಕೋರಿನ ಗಿಡ್ಡ ಹಾಡುಗಳನ್ನು ನುಡಿಸಿದರು. ಅದಕ್ಕೂ ಮೊದಲೇ ಮೆಟಾಲಿಕಾದವರೂ ಸ್ಲೇಯರಿನವರೂ ಪಂಕ್ ಕೇಳಿಕೊಂಡೇ ಬೆಳೆದಿದ್ದರು. ಆದ್ದರಿಂದ ದಾಟಿ ಹೋದವರು ಮೆಟಲಿನವರು ಎನ್ನುತ್ತಾನೆ ಅವನು.

ನನ್ನ ಉತ್ತರ ಡಿ.ಆರ್.ಐ. ತಂಡದ ಧ್ವನಿಮುದ್ರಿಕೆಗಳಲ್ಲೇ ಇದೆ. 1982ರಲ್ಲಿ ಹ್ಯೂಸ್ಟನ್ ನಗರದಲ್ಲಿ ಶುರುವಾದ ಈ ತಂಡ ಮರುವರ್ಷ ಹೊರತಂದ ಏಳು ಇಂಚಿನ ಮೊದಲ ತಟ್ಟೆಯಲ್ಲಿ 22 ಹಾಡುಗಳಿವೆ. ಎಷ್ಟೋ ಹಾಡುಗಳು ಒಂದು ನಿಮಿಷವನ್ನೂ ಮುಟ್ಟದೆ, ಕೂಗಿ ಕೈಬಿಟ್ಟಂತೆ ಮುಗಿದುಬಿಡುತ್ತವೆ. 1987ರಲ್ಲಿ ಇದೇ ತಂಡ ‘ಕ್ರಾಸ್‌ಓವರ್’ ಎಂಬ ಹೆಸರನ್ನೇ ಇಟ್ಟು ತಂದ ಪೂರ್ಣ ಆಲ್ಬಮ್ಮಿನಲ್ಲಿ ಇರುವುದು 12 ಹಾಡುಗಳು. ಹಾಡು ಉದ್ದವಾದದ್ದು ಸಾಹಿತ್ಯ ಹೆಚ್ಚಿದ್ದರಿಂದಲ್ಲ, ಗಿಟಾರಿಗೆ ಮಾತನಾಡುವ ಅವಕಾಶ ಸಿಕ್ಕಿದ್ದರಿಂದ: ಒಂದು ರಿಫ್ (ಮತ್ತೆ ಮತ್ತೆ ಮರಳುವ ಗಿಟಾರಿನ ಸ್ವರಗುಚ್ಛ) ಬರುತ್ತದೆ, ನಿಲ್ಲುತ್ತದೆ, ವೇಗ ಬದಲಾಗುತ್ತದೆ, ಮತ್ತೊಂದು ರಿಫ್ ಅದರ ಮೇಲೆ ಏರುತ್ತದೆ. ಮೆಟಲಿನ ಕಟ್ಟಡ ಕಲೆ ಪಂಕಿನ ಮನೆಯೊಳಗೆ ಬಂದದ್ದು ಹೀಗೆ. ಕೊರೋಷನ್ ಆಫ್ ಕನ್ಫರ್ಮಿಟಿ, ಸುಸೈಡಲ್ ಟೆಂಡೆನ್ಸೀಸ್ ತಂಡಗಳು ನಡೆದದ್ದೂ ಇದೇ ದಿಕ್ಕಿಗೆ. ಹೆಸರು ಅಂಟಿಕೊಂಡ ಕಾಲಕ್ಕೆ ಹೆಚ್ಚು ದೂರ ನಡೆದು ಬಂದವರು ಪಂಕಿನವರೇ ಎಂಬುದು ನನ್ನ ತೀರ್ಮಾನ, ಅದನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ.

ಆದರೆ ಇನ್ನೂ ಹಿಂದಕ್ಕೆ ಹೋದರೆ ಬೇಲಿಯೇ ಕಾಣುವುದಿಲ್ಲ. ಇಂಗ್ಲೆಂಡಿನ ಗಾಯಕ ಲೆಮ್ಮಿ 1975ರಲ್ಲಿ ಕಟ್ಟಿದ ಮೋಟರ್‌ಹೆಡ್ ತಂಡವನ್ನು ಮೆಟಲ್ ಅಭಿಮಾನಿಗಳೂ ಪಂಕ್ ಅಭಿಮಾನಿಗಳೂ ತಮ್ಮದೆಂದೇ ತಿಳಿದರು. ಲೆಮ್ಮಿ ಮಾತ್ರ ತಾನು ನುಡಿಸುವುದು ರಾಕ್ ಅಂಡ್ ರೋಲ್ ಎಂದು ಕೊನೆಯವರೆಗೂ ಹೇಳಿದರು. ಆ ಒರಟು ನಾದ ಮತ್ತು ಓಟದ ಗುರುತನ್ನು ಸ್ಟೋಕ್-ಆನ್-ಟ್ರೆಂಟ್ ಊರಿನ ಡಿಸ್ಚಾರ್ಜ್ ಎಂಬ ಪಂಕ್ ತಂಡದ 1982ರ ಆಲ್ಬಮ್ಮಿನಲ್ಲಿ ನಾನು ಸ್ಪಷ್ಟವಾಗಿ ಕೇಳುತ್ತೇನೆ. ಆ ತಂಡದ ಡ್ರಮ್ಸ್ ನಡೆಗೆ ಅವರ ಹೆಸರಿನ ಮೊದಲ ಅಕ್ಷರದಿಂದಲೇ ಡಿ-ಬೀಟ್ ಎಂಬ ಹೆಸರು ಬಂತು. ಅದೇ ಡಿಸ್ಚಾರ್ಜ್ ತಂಡದ ಎರಡು ಹಾಡುಗಳನ್ನು ಮೆಟಾಲಿಕಾ 1998ರಲ್ಲಿ ಮತ್ತೆ ನುಡಿಸಿತು. ಸ್ಲೇಯರ್ 1996ರಲ್ಲಿ ಪಂಕ್ ಹಾಡುಗಳದೇ ಒಂದು ಆಲ್ಬಮ್ ಮಾಡಿದಾಗ ಅದರಲ್ಲಿ ಡಿ.ಆರ್.ಐ. ತಂಡಕ್ಕೂ ಜಾಗ ಕೊಟ್ಟಿತು. ಪ್ರಭಾವದ ಮಾತು ಬಂದಾಗ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಇಂಥ ಹಾಡುಗಳನ್ನು. ಮತ್ತೊಬ್ಬರ ಹಾಡನ್ನು ಹೆಸರು ಹೇಳಿ ನುಡಿಸುವವನು ತನ್ನ ಸಾಲಪತ್ರಕ್ಕೆ ತಾನೇ ರುಜು ಹಾಕಿರುತ್ತಾನೆ.

ಗೆಳೆಯನ ಇನ್ನೊಂದು ವಾದವನ್ನು ನಾನು ಒಪ್ಪುವುದಿಲ್ಲ. ವಾಷಿಂಗ್ಟನ್‌ನ ಬ್ಯಾಡ್ ಬ್ರೇನ್ಸ್ ತಂಡದ ಕಪ್ಪು ಸಂಗೀತಗಾರರು ಹಾರ್ಡ್‌ಕೋರಿಗೆ ಬರುವ ಮೊದಲು ಜಾಝ್ ಮತ್ತು ರಾಕ್ ಬೆರೆತ ಜಾಝ್ ಫ್ಯೂಷನ್ ನುಡಿಸುತ್ತಿದ್ದರು. ಮಹಾವಿಷ್ಣು ಆರ್ಕೆಸ್ಟ್ರಾದ ಸಂಗೀತ ಅವರಿಗೆ ಆದರ್ಶವಾಗಿತ್ತು. ಆ ಆರ್ಕೆಸ್ಟ್ರಾ ಕಟ್ಟಿದ ಜಾನ್ ಮೆಕ್‌ಲಾಫ್ಲಿನ್ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತವರು, ಮುಂದೆ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಡನೆ ಶಕ್ತಿ ತಂಡದಲ್ಲಿ ನುಡಿಸಿದವರು. ‘ಹಾಗಾದರೆ ಹಾರ್ಡ್‌ಕೋರಿನ ಬೇರು ನಮ್ಮ ಕರ್ನಾಟಕ ಸಂಗೀತದಲ್ಲೇ ಇದೆ ಎಂದಾಯಿತಲ್ಲ’ ಎಂದು ಗೆಳೆಯ ಸಂಭ್ರಮಪಟ್ಟ. ಹೆಮ್ಮೆ ನನಗೂ ಇದೆ, ಆದರೆ ಪರಿಚಯದ ಸರಪಳಿಯನ್ನು ವಂಶಾವಳಿ ಎನ್ನಲಾಗದು. ಬ್ಯಾಡ್ ಬ್ರೇನ್ಸ್ ಫ್ಯೂಷನ್‌ನಿಂದ ತಂದದ್ದು ಎಷ್ಟೇ ವೇಗದಲ್ಲೂ ಒಂದು ಪೆಟ್ಟು ತಪ್ಪದ ಕೈಹಿಡಿತವನ್ನು. ಅವರ ಹಾಡುಗಳಲ್ಲಿ ರಾಗವೂ ಇಲ್ಲ, ತಾಳದ ಲೆಕ್ಕಾಚಾರವೂ ಇಲ್ಲ. ದಾಟಿ ಬಂದ ವಸ್ತು ಇದೇ ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ ಅದನ್ನು ಮೂಲ ಎಂದು ಕರೆಯಬಾರದು.

ಭಾರತದ ಸಂಗೀತ ನಿಜವಾಗಿಯೂ ದಾಟಿ ಹೋದ ಕಡೆ ಗುರುತು ಸ್ಪಷ್ಟವಾಗಿಯೇ ಉಳಿದಿದೆ. 1965ರಲ್ಲಿ ಯಾರ್ಡ್‌ಬರ್ಡ್ಸ್ ತಂಡ ಸಿತಾರ್ ವಾದಕರನ್ನು ಕರೆಸಿ ಧ್ವನಿಮುದ್ರಿಸಿತು, ಫಲಿತಾಂಶ ಹಿಡಿಸದೆ ಅದೇ ಸ್ವರಗಳನ್ನು ಜೆಫ್ ಬೆಕ್ ಕೈಯಲ್ಲಿ ಗಿಟಾರಿನಲ್ಲೇ ನುಡಿಸಿತು. ಬೊಂಬಾಯಿಯಲ್ಲಿ ಮುಂಜಾನೆ ಮೀನುಗಾರರ ಹಾಡು ಕೇಳಿದ್ದ ರೇ ಡೇವೀಸ್ ಕಿಂಕ್ಸ್ ತಂಡದ ಹಾಡಿಗೆ ಗಿಟಾರಿನಲ್ಲೇ ತಂಬೂರಿಯ ಶ್ರುತಿಯಂಥ ಗುಂಯ್‌ಗುಡುವಿಕೆಯನ್ನು ತಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಬೀಟಲ್ಸ್ ಆಲ್ಬಮ್ಮಿನಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರನ್ನೇ ನುಡಿಸಿದರು. ಮೊದಲಿಗರು ಯಾರು ಎಂದು ಕೇಳಿದರೆ, ಸಿತಾರನ್ನು ಬಯಸಿದವರು, ಅದರ ನಾದವನ್ನು ಹುಡುಕಿದವರು, ವಾದ್ಯವನ್ನೇ ಕೇಳಿಸಿದವರು ಎಂದು ಉತ್ತರ ಮೂರಾಗಿ ಒಡೆಯುತ್ತದೆ. ಒಂದೇ ಹೆಸರು ಬೇಕೆಂದು ಹಟ ಹಿಡಿಯುವವರು ಈ ಮೂರರಲ್ಲಿ ಎರಡನ್ನು ಮರೆಯಬೇಕಾಗುತ್ತದೆ.

ರಾಪ್ ಮತ್ತು ರಾಕ್ ಕೂಡಿದ ಕಥೆಯಲ್ಲೂ ಇಂಥದೇ ಮರೆವಿದೆ. 1986ರಲ್ಲಿ ರನ್-ಡಿಎಂಸಿ ಎಂಬ ರಾಪ್ ತಂಡ ಏರೋಸ್ಮಿತ್ ಎಂಬ ರಾಕ್ ತಂಡದ 1975ರ ಹಾಡನ್ನು ಅವರೊಡನೆಯೇ ಸೇರಿ ಮತ್ತೆ ಹಾಡಿದಾಗ, ರಾಕ್ ಸಂಗೀತ ರಾಪ್‌ಗೆ ಬಾಗಿಲು ತೆರೆಯಿತೆಂದು ಅನೇಕರು ಬರೆದರು. ಆದರೆ ಆ ಹಾಡಿನ ಆರಂಭದ ಡ್ರಮ್ಸನ್ನು ನ್ಯೂಯಾರ್ಕಿನ ಡಿಜೆಗಳು ಮೊದಲಿನಿಂದಲೂ ಬಳಸುತ್ತಿದ್ದರು. ರನ್-ಡಿಎಂಸಿ 1984ರಲ್ಲೇ ಗಿಟಾರಿನ ಜೊತೆ ಹಾಡಿಯಾಗಿತ್ತು. ಆ ಹೊತ್ತಿಗೆ ಬೇಡಿಕೆ ಕುಗ್ಗಿದ್ದುದು ಏರೋಸ್ಮಿತ್ ತಂಡಕ್ಕೆ, ಮೇಲೆತ್ತಿದ ಕೈ ರಾಪ್ ಹಾಡುಗಾರರದು. ಮೂಲದ ವಾದದಲ್ಲಿ ಇಂಥ ಅನ್ಯಾಯ ಕಂಡಾಗ ನನಗೆ ಸುಮ್ಮನಿರಲು ಆಗುವುದಿಲ್ಲ.

ಮಾತು ಬಿಸಿಯೇರಿದಾಗ ನಾನು ಗೆಳೆಯನ ತೋಟವನ್ನೇ ತೋರಿಸಿದೆ. ಅಲ್ಲಿರುವುದು ಬಹುಪಾಲು ಎಸ್ 795 ಅರೇಬಿಕಾ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಈ ತಳಿ ಎಸ್ 288 ಮತ್ತು ಕೆಂಟ್ ತಳಿಗಳ ಸಂಕರ; ಆ ಎಸ್ 288ರ ಹಿಂದಿನ ಪೀಳಿಗೆಯಲ್ಲಿ ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಕೂಡಿ ಹುಟ್ಟಿದ ಗಿಡವೊಂದಿದೆ. ಬೆರಕೆಯ ಒಳಗೇ ಇನ್ನೊಂದು ಬೆರಕೆಯಿದೆ, ಅದರಿಂದ ಕಾಫಿಯ ರುಚಿಗೆ ಯಾವ ಕುಂದೂ ಬಂದಿಲ್ಲ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಿಡಕ್ಕೆ ದಾಖಲೆ ಬರೆದಿಟ್ಟವರಿದ್ದಾರೆ, ಹಾಡಿಗೆ ಯಾರಿದ್ದಾರೆ?’ ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆ. ಹಾಡಿಗೆ ನಮ್ಮ ಬಳಿ ಇರುವುದು ತಟ್ಟೆಯ ಮೇಲಿನ ಇಸವಿ, ಯಾರು ಯಾರ ಹಾಡನ್ನು ನುಡಿಸಿದರು ಎಂಬ ವಿವರ, ಮತ್ತೆ ನಮ್ಮ ಕಿವಿ. ಇವುಗಳಲ್ಲಿ ಕಿವಿ ತನಗೆ ಪ್ರಿಯವಾದದ್ದನ್ನೇ ಕೇಳುವುದರಿಂದ ಅದನ್ನು ಕೊನೆಗೆ ಕರೆಯಬೇಕು.

ಮುಂದಿನ ತಿಂಗಳು ಅವನು ಹಾಸನಕ್ಕೆ ಬರುತ್ತಾನೆ. ಮೋಟರ್‌ಹೆಡ್‌ನ 1979ರ ಒಂದು ಆಲ್ಬಮ್ಮನ್ನೂ ಡಿಸ್ಚಾರ್ಜ್‌ನ 1982ರ ಆಲ್ಬಮ್ಮನ್ನೂ ಒಂದರ ಬೆನ್ನಿಗೆ ಒಂದು ಹಾಕಿ, ಗಿಟಾರನ್ನೂ ಗಾಯನವನ್ನೂ ಬದಿಗಿಟ್ಟು, ಡ್ರಮ್ಸನ್ನು ಮಾತ್ರ ಆಲಿಸುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.