ಪ್ಯಾರಿಸ್ ಇಲ್ಲ, ಸ್ವಿಟ್ಜರ್ಲೆಂಡ್ ಇಲ್ಲ, ಬರೀ ಟ್ಯೂಬಿಂಗನ್

ಯೂರೋಪಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಐಫೆಲ್ ಟವರ್ ನೋಡಿದ್ಯಾ? ಸ್ವಿಟ್ಜರ್ಲೆಂಡ್‌ನಲ್ಲಿ ಹಿಮ ಇತ್ತಾ? ಎರಡೂ ಇಲ್ಲ. 2025ರ ಜುಲೈನಲ್ಲಿ ನಾನು ಇದ್ದದ್ದು ದಕ್ಷಿಣ ಜರ್ಮನಿಯ ಟ್ಯೂಬಿಂಗನ್ ಎಂಬ ಸಣ್ಣ ಊರಿನಲ್ಲಿ, ಗೆಳತಿಯ ಹಾಸ್ಟೆಲ್ ರೂಮಿನಲ್ಲಿ, ನೆಲದ ಮೇಲೆ ಹಾಸಿಗೆ ಹಾಸಿಕೊಂಡು. ಮಧ್ಯೆ ಒಂದೆರಡು ಕಡೆ ಹೋಗಿ ಬಂದೆವು, ಅಷ್ಟೇ. ಇದನ್ನು ಕೇಳಿದವರ ಮುಖ ಸಪ್ಪಗಾಗುತ್ತದೆ. ಅಷ್ಟು ದುಡ್ಡು ಸುರಿದು ಹೋಗಿ ಒಂದೇ ಊರಾ ಅಂತ. ಹೌದು, ಒಂದೇ ಊರು. ಇನ್ನೊಮ್ಮೆ ಹೋದರೂ ಹೀಗೇ ಹೋಗುತ್ತೇನೆ.

ನಾವಿಬ್ಬರೂ ಧಾರವಾಡದವರು, ಪಿಯುಸಿಯಲ್ಲಿ ಒಂದೇ ಬೆಂಚು. ಅವಳು ಮೂರು ವರ್ಷದ ಬಿ.ಎಸ್ಸಿ. ಮುಗಿಸಿ ಮಾಸ್ಟರ್ಸ್ ಮಾಡಲು ಹೋದಳು, ನಾನು ಬಯೋಟೆಕ್ನಾಲಜಿ ಬಿ.ಇ. ಹಿಡಿದಿದ್ದರಿಂದ ಇನ್ನೊಂದು ವರ್ಷ ಇಲ್ಲೇ ಉಳಿದೆ. ಈ ವರ್ಷ ಕೊನೆಯ ಸೆಮಿಸ್ಟರ್ ಮುಗಿಯಿತು. ಆಫರ್ ಲೆಟರ್ ಕೈಯಲ್ಲಿದೆ, ಜಾಯ್ನಿಂಗ್ ಮಾತ್ರ ಸೆಪ್ಟೆಂಬರ್‌ಗೆ. ಇಲ್ಲಿ ಮಳೆಗಾಲ, ಅಲ್ಲಿ ಬೇಸಿಗೆ. ಇಷ್ಟು ಖಾಲಿ ಸಮಯ ಮುಂದೆ ಯಾವ ಕಂಪನಿಯೂ ಕೊಡುವುದಿಲ್ಲ ಅಂತ ಅಪ್ಪನೇ ಹೇಳಿದರು.

ವೀಸಾ ಕಥೆ ಉದ್ದ, ಚಿಕ್ಕದಾಗಿ ಹೇಳುತ್ತೇನೆ. ಓದು ಮುಗಿದಿದೆ, ಕೆಲಸಕ್ಕೆ ಸೇರಿಲ್ಲ, ಮದುವೆ ಆಗಿಲ್ಲ, ಹೆಸರಲ್ಲಿ ಆಸ್ತಿ ಇಲ್ಲ. ಷೆಂಗೆನ್ ವೀಸಾ (ಜರ್ಮನಿ, ಫ್ರಾನ್ಸ್ ಸೇರಿ ಯೂರೋಪಿನ ಬಹಳ ದೇಶಗಳಿಗೆ ಒಂದೇ ವೀಸಾ) ಕೊಡುವವರಿಗೆ ಇಂಥವರ ಮೇಲೇ ಜಾಸ್ತಿ ಅನುಮಾನ. ವಾಪಸ್ ಬಂದೇ ಬರುತ್ತೇನೆ ಅಂತ ಕಾಗದದಲ್ಲಿ ತೋರಿಸಬೇಕು. ಆಫರ್ ಲೆಟರ್, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್, ಖರ್ಚು ನಾನೇ ನೋಡಿಕೊಳ್ಳುತ್ತೇನೆ ಅಂತ ಅವರು ಬರೆದ ಪತ್ರ, ಗೆಳತಿಯ ಆಹ್ವಾನ, ಅವಳ ರೆಸಿಡೆನ್ಸ್ ಪರ್ಮಿಟ್ ಪ್ರತಿ, 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಎಲ್ಲ ಜೋಡಿಸಿ ಒಂದು ದಪ್ಪ ಫೈಲ್ ಆಯಿತು. ಶುಲ್ಕ 90 ಯೂರೋ, ವೀಸಾ ಸಿಗದಿದ್ದರೂ ಅದು ಹೋದಂತೆಯೇ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಜನವರಿ, ಫೆಬ್ರವರಿಯಿಂದಲೇ ಅಪಾಯಿಂಟ್‌ಮೆಂಟ್ ನೋಡುತ್ತಿರಿ.

ಹೊರಡುವ ಮುನ್ನ ಗೆಳತಿಯ ಮನೆಗೆ ಹೋಗಿದ್ದೆ. ಕಾಕು, ಅಂದರೆ ಅವಳ ಅಮ್ಮ, ಕಟ್ಟಿಟ್ಟ ಸಾಮಾನು ನೋಡಿ ನನ್ನ ಬಟ್ಟೆ ಅರ್ಧ ಕಡಿಮೆ ಮಾಡಬೇಕಾಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮತ್ತೆ ಒಂದಿಷ್ಟು ಮಸಾಲೆ ಖಾರ. ಪೇಡೆ ಬಗ್ಗೆ ಮಾತ್ರ ದೊಡ್ಡ ಚರ್ಚೆ ಆಯಿತು. ಹೊರಗಿನ ದೇಶದವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯೂರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಾಗಾದರೆ ಪೇಡೆ ಸಿಹಿತಿಂಡಿಯೋ, ಹಾಲಿನ ಪದಾರ್ಥವೋ? ಫ್ರಾಂಕ್‌ಫರ್ಟ್ ಕಸ್ಟಮ್ಸ್‌ನವರ ಮುಂದೆ ನಿಂತು ಇದನ್ನು ವಾದ ಮಾಡುವ ಧೈರ್ಯ ನನಗಿಲ್ಲ, ಬಿಟ್ಟು ಹೋದೆ. ಕಾಕುಗೆ ಅದು ಇನ್ನೂ ಬೇಜಾರು. ಗೇಟಿನ ತನಕ ಬಂದು ಮೆಲ್ಲಗೆ ಒಂದು ಮಾತು ಹೇಳಿದರು: "ಅಕಿ ಹೆಂಗದಾಳ ಖರೇ ನೋಡಿ ಬಾ. ಫೋನಿನ್ಯಾಗ ಬರೇ ನಗತಾಳ."

ವೀಸಾ ಫಾರ್ಮಿನಲ್ಲಿ ಸ್ನೇಹಿತರ ಭೇಟಿ ಅಂತ ಟಿಕ್ ಹಾಕಿದ್ದೆ. ನಿಜವಾದ ಕೆಲಸ ಕಾಕು ಕೊಟ್ಟದ್ದು.

ಟ್ಯೂಬಿಂಗನ್ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸುಮಾರು 90 ಸಾವಿರ ಜನ, ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ವಿದ್ಯಾರ್ಥಿಗಳೇ. ಯೂನಿವರ್ಸಿಟಿ ಶುರುವಾದದ್ದು 1477ರಲ್ಲಿ. ಅಂದರೆ ನಮ್ಮಲ್ಲಿ ವಿಜಯನಗರ ಇನ್ನೂ ಇತ್ತು, ಕೃಷ್ಣದೇವರಾಯ ಪಟ್ಟಕ್ಕೆ ಬರಲು ಇನ್ನೂ ಮೂವತ್ತು ವರ್ಷ ಬೇಕಿತ್ತು. ಕೆಳಗೆ ನೆಕ್ಕರ್ ನದಿ, ದಡದಲ್ಲಿ ಬಣ್ಣ ಬಣ್ಣದ ಹಳೆಯ ಮನೆಗಳು, ಫೋಟೋದಲ್ಲಿ ಕಾಣುವುದೆಲ್ಲ ಇಷ್ಟೇ. ವಿದ್ಯಾರ್ಥಿಗಳ ಹಾಸ್ಟೆಲ್ ಇರುವುದು ಗುಡ್ಡದ ಮೇಲೆ, ವಾಲ್ಡ್‌ಹೌಸರ್ ಓಸ್ಟ್ ಅನ್ನುವ ಕಡೆ. ದೊಡ್ಡ ದೊಡ್ಡ ಕಾಂಕ್ರೀಟ್ ಬ್ಲಾಕುಗಳು. ಅದನ್ನು ಯಾರೂ ಇನ್‌ಸ್ಟಾಗ್ರಾಮ್‌ಗೆ ಹಾಕುವುದಿಲ್ಲ.

ಜುಲೈ ಮೊದಲ ದಿನಗಳಲ್ಲಿ ಭಯಂಕರ ಸೆಕೆ. ಜರ್ಮನಿಯ ಎಷ್ಟೋ ಕಡೆ 35 ಡಿಗ್ರಿ ದಾಟಿತ್ತು. ಧಾರವಾಡದವಳಿಗೆ 35 ಏನು ಮಹಾ ಅನ್ನಬೇಡಿ, ಆ ರೂಮಿನಲ್ಲಿ ಫ್ಯಾನ್ ಇಲ್ಲ! ಛಾವಣಿಯಲ್ಲಿ ಕೊಕ್ಕೆಯೂ ಇಲ್ಲ. ಚಳಿ ಒಳಗೆ ಬಾರದಂತೆ ಕಟ್ಟಿದ ಗೋಡೆ ಸೆಕೆಯನ್ನೂ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಒಂಬತ್ತಾದರೂ ಬೆಳಕು ಬೇರೆ. ಒದ್ದೆ ಟವೆಲ್ ಕಿಟಕಿಗೆ ಕಟ್ಟಿ ಮಲಗಿದೆವು. ಆಮೇಲೆ ಮಳೆ ಹಿಡಿದುಕೊಂಡಿತು, ಸ್ವೆಟರ್ ಹುಡುಕಬೇಕಾಯಿತು.

ಅಲ್ಲಿ ಬೇಸಿಗೆಯ ಸೆಮಿಸ್ಟರ್ ಜುಲೈ ಕೊನೆಯ ತನಕ ನಡೆಯುತ್ತದೆ. ಹಾಗಾಗಿ ನಾನು ಹೋದಾಗ ಅವಳಿಗೆ ರಜೆ ಇರಲಿಲ್ಲ. ಮೊದಲು ಬೇಜಾರಾಯಿತು, ನಂತರ ಅದೇ ಒಳ್ಳೆಯದಾಯಿತು ಅನ್ನಿಸಿತು. ರಜೆಯಲ್ಲಿ ಹೋಗಿದ್ದರೆ ಅವಳೂ ನನ್ನ ಜೊತೆ ಟೂರಿಸ್ಟ್ ಆಗಿಬಿಡುತ್ತಿದ್ದಳು. ಬೆಳಗ್ಗೆ ಅವಳ ಜೊತೆಗೇ ಬಸ್ಸಿಗೆ ಹೋಗುತ್ತಿದ್ದೆ. ಅವಳು ಲ್ಯಾಬಿಗೆ, ನಾನು ಊರಿಗೆ. ಮಧ್ಯಾಹ್ನ ಮೆನ್ಸಾ ಅನ್ನುವ ಅವರ ಕ್ಯಾಂಟೀನಿನಲ್ಲಿ ಊಟ. ಶನಿವಾರ ನಸುಕಿಗೇ ಎದ್ದು ಅವಳು ಬೇಕರಿಗೆ ಕೆಲಸಕ್ಕೆ ಹೋಗುತ್ತಾಳೆ. ಜರ್ಮನಿಯಲ್ಲಿ ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು, ಹೊರಗಿನ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕೌಂಟರಿನ ಹಿಂದೆ ನಿಂತು ಅಜ್ಜಿಯರ ಜೊತೆ ಅವಳು ಜರ್ಮನ್‌ನಲ್ಲಿ ಜೋರಾಗಿ ಮಾತಾಡುವುದನ್ನು ನೋಡಿ ನನಗೆ ನಂಬಲಾಗಲಿಲ್ಲ. ಪಿಯುಸಿಯಲ್ಲಿ ಸೆಮಿನಾರ್ ಅಂದರೆ ಜ್ವರ ಬರಿಸಿಕೊಳ್ಳುತ್ತಿದ್ದ ಹುಡುಗಿ ಇವಳು!

ದುಡ್ಡಿನ ವಿಷಯ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಜರ್ಮನಿಯಲ್ಲಿ ಓದು ಪುಕ್ಕಟೆ ಅಂತಲೇ ಎಲ್ಲರೂ ತಿಳಿದಿದ್ದಾರೆ. ಬಹಳ ರಾಜ್ಯಗಳ ಸರಕಾರಿ ಯೂನಿವರ್ಸಿಟಿಗಳಲ್ಲಿ ಅದು ನಿಜ. ಆದರೆ ಟ್ಯೂಬಿಂಗನ್ ಇರುವ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯೂರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀ ಹಾಕುತ್ತಿದೆ. ಅದರ ಮೇಲೆ ಬ್ಲಾಕ್ಡ್ ಅಕೌಂಟ್. ಹೋಗುವ ಮೊದಲೇ 11,904 ಯೂರೋ ಕಟ್ಟಿ ಇಡಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಮ್ಮ ದುಡ್ಡನ್ನೇ ನಮಗೆ ಬಿಡುತ್ತಾರೆ. ನಾನು ಹೋದಾಗ ಯೂರೋ ಸುಮಾರು 100 ರೂಪಾಯಿ. ಗುಣಿಸುವುದು ಸುಲಭ, ಗುಣಿಸಿದ ಮೇಲೆ ನಿದ್ದೆ ಬರುವುದು ಕಷ್ಟ. ಅವಳು ಈಗ ಗುಣಿಸುವುದನ್ನು ಬಿಟ್ಟಿದ್ದಾಳಂತೆ. ನಾನು ಕಾಫಿ ಪಾರ್ಸೆಲ್ ತೆಗೆದುಕೊಳ್ಳಲು ಹೋದಾಗ ಮಾತ್ರ ಕೈ ಹಿಡಿದು ನಿಲ್ಲಿಸಿದಳು. ಈ ಊರಿನಲ್ಲಿ 2022ರಿಂದ ಬಿಸಾಡುವ ಕಪ್ಪಿಗೆ 50 ಸೆಂಟ್ ತೆರಿಗೆ ಇದೆ. ಒಂದು ಫಾಸ್ಟ್ ಫುಡ್ ಅಂಗಡಿಯವರು ಕೇಸ್ ಹಾಕಿ ದೇಶದ ಸಂವಿಧಾನ ನ್ಯಾಯಾಲಯದವರೆಗೆ ಹೋಗಿತ್ತು, 2025ರ ಜನವರಿಯಲ್ಲಿ ಊರೇ ಗೆದ್ದಿತು. ನನಗಂತೂ ಬಹಳ ಇಷ್ಟವಾದ ತೆರಿಗೆ. ನೆಕ್ಕರ್ ದಡದಲ್ಲಿ ಅಷ್ಟು ಜನ ಸಂಜೆ ಕೂತರೂ ಕಸ ಕಡಿಮೆ.

ನಾನು ಅತಿ ಜಾಸ್ತಿ ಹೊತ್ತು ಕಳೆದದ್ದು ಊರ ಮೇಲಿನ ಹೋಹೆನ್‌ಟ್ಯೂಬಿಂಗನ್ ಕೋಟೆಯಲ್ಲಿ. ಅಲ್ಲಿಯ ಅಡುಗೆಮನೆಯನ್ನು 19ನೇ ಶತಮಾನದಲ್ಲಿ ಯೂನಿವರ್ಸಿಟಿಯವರು ಕೆಮಿಸ್ಟ್ರಿ ಲ್ಯಾಬ್ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ 24 ವರ್ಷದ ಸ್ವಿಸ್ ಹುಡುಗ ಅಲ್ಲಿ ಕೂತು ಆಸ್ಪತ್ರೆಯ ಹಳೆಯ ಬ್ಯಾಂಡೇಜುಗಳಿಂದ ಕೀವು ತೊಳೆದು ತೆಗೆಯುತ್ತಿದ್ದ. ಕೀವಿನಲ್ಲಿ ಬಿಳಿ ರಕ್ತಕಣಗಳು ಬೇಕಾದಷ್ಟು ಇರುತ್ತವಲ್ಲ, ಅವುಗಳ ಒಳಗೆ ಏನಿದೆ ಅಂತ ನೋಡುವುದು ಅವನ ಕೆಲಸ. ಪ್ರೋಟೀನ್‌ನಂತೆ ವರ್ತಿಸದ, ರಂಜಕ ಜಾಸ್ತಿ ಇರುವ ಒಂದು ಪದಾರ್ಥ ಕಣದ ನ್ಯೂಕ್ಲಿಯಸ್‌ನಿಂದ ಸಿಕ್ಕಿತು. ಅದಕ್ಕೆ ನ್ಯೂಕ್ಲಿಯಿನ್ ಅಂತ ಹೆಸರಿಟ್ಟ. ನಾವು ಈಗ ಡಿಎನ್‌ಎ ಅನ್ನುವುದು ಅದನ್ನೇ. ಅವನ ಗುರು ಹೋಪ್ಪೆ ಸೈಲರ್‌ಗೆ ನಂಬಿಕೆ ಬರಲಿಲ್ಲ. ಪ್ರಯೋಗವನ್ನು ತಾವೇ ಇನ್ನೊಮ್ಮೆ ಮಾಡಿ ನೋಡಿದ ಮೇಲೆಯೇ ಅಚ್ಚಿಗೆ ಬಿಟ್ಟರು, 1871ರಲ್ಲಿ. ನಾಲ್ಕು ವರ್ಷ ಬಯೋಟೆಕ್ನಾಲಜಿ ಓದಿದ ನನಗೆ ಮೀಶರ್ ಅಂದರೆ ಪುಸ್ತಕದ ಒಂದು ಸಾಲು. ಆಮೇಲೆ ನೇರ 1953ಕ್ಕೆ ಹಾರುತ್ತೇವೆ, ಡಿಎನ್‌ಎಯ ಜೋಡಿ ಸುರುಳಿ, ಅಂದರೆ ಡಬಲ್ ಹೆಲಿಕ್ಸ್ ಚಿತ್ರ ಬರೆದು ಹತ್ತು ಅಂಕ ತೆಗೆದುಕೊಳ್ಳುತ್ತೇವೆ. ಆ ಕಲ್ಲಿನ ಕೋಣೆಯಲ್ಲಿ ನಿಂತಾಗ ನಮ್ಮ ಕಾಲೇಜಿನ ಲ್ಯಾಬ್ ನೆನಪಾಗಿ ನಗು ಬಂತು. ನಮ್ಮದು ಇದಕ್ಕಿಂತ ದೊಡ್ಡದು, ಮತ್ತು ನಮಗೆ ಎಲ್ಲವೂ ಕಿಟ್‌ನಲ್ಲೇ ಬರುತ್ತಿತ್ತು.

ಅದೇ ಕೋಟೆಯ ಮ್ಯೂಸಿಯಂನಲ್ಲಿ ಮಾಮತ್ (ಅಳಿದುಹೋದ ರೋಮದ ಆನೆ) ದಂತದಲ್ಲಿ ಕೆತ್ತಿದ ಒಂದು ಪುಟ್ಟ ಕುದುರೆ ಇದೆ. ಐದು ಸೆಂಟಿಮೀಟರ್ ಕೂಡ ಇಲ್ಲ, ವಯಸ್ಸು ಸುಮಾರು 40 ಸಾವಿರ ವರ್ಷ. ಉಲ್ಮ್ ಊರಿನ ಕಡೆಯ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿದ್ದು. ಕುತ್ತಿಗೆ ಬಾಗಿಸಿದ ರೀತಿ ನೋಡಿದರೆ ಕೆತ್ತಿದವರಿಗೆ ಕುದುರೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಗೆಳತಿ ಅಲ್ಲಿಗೆ ಹೋಗಿ ಒಂದು ವರ್ಷ ಆಗುತ್ತ ಬಂದಿತ್ತು, ಕೋಟೆಯೊಳಗೆ ಕಾಲಿಟ್ಟದ್ದು ನನ್ನ ಜೊತೆಯೇ. ಅದೂ ಸರಿಯೇ ಬಿಡಿ, ಧಾರವಾಡದ ನಾವು ಎಷ್ಟು ಜನ ಉಣಕಲ್‌ನ ಚಂದ್ರಮೌಳೇಶ್ವರ ಗುಡಿ ನೋಡಿದ್ದೇವೆ?

ಈ ಊರಿಗೂ ಧಾರವಾಡಕ್ಕೂ ಒಂದು ನಂಟಿದೆ. ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜಿನ ಮುಂದೆ ನಾವಿಬ್ಬರೂ ಎಷ್ಟೋ ಸಲ ಓಡಾಡಿದ್ದೇವೆ. ಆ ಫರ್ಡಿನಾಂಡ್ ಕಿಟೆಲ್ ತೀರಿಕೊಂಡದ್ದು ಈ ಟ್ಯೂಬಿಂಗನ್‌ನಲ್ಲೇ, 1903ರಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿಗಾಗಿ ಇದೇ ಯೂನಿವರ್ಸಿಟಿ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಅವರು ಬಾಸೆಲ್ ಮಿಷನ್ ಕಡೆಯಿಂದ ನಮ್ಮ ಕಡೆ ಬಂದದ್ದು 1853ರಲ್ಲಿ, ಆಗ ಅವರಿಗೆ 21 ವರ್ಷ. ಹೆಚ್ಚುಕಡಿಮೆ ನಮ್ಮದೇ ವಯಸ್ಸು. ವಿಡಿಯೋ ಕಾಲ್ ಇಲ್ಲ, ಚಟ್ನಿ ಪುಡಿ ಕಟ್ಟಿಕೊಡುವವರೂ ಇಲ್ಲ. ಇದನ್ನು ಹೇಳಿದಾಗ ಗೆಳತಿ ಜರ್ಮನ್ ವ್ಯಾಕರಣದ ಪುಸ್ತಕ ಮುಚ್ಚಿಟ್ಟು, "ಹಂಗಾದ್ರ ನಂದೇನೂ ದೊಡ್ಡ ಕಷ್ಟ ಅಲ್ಲ ಬಿಡಲೇ" ಅಂದಳು.

ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಊಟದ ತೊಂದರೆ ಇಲ್ಲ. ಚೀಸ್ ಹಾಕಿದ ಶ್ಪೆಟ್ಸ್‌ಲೆ (ಹಿಟ್ಟು, ಮೊಟ್ಟೆ ಕಲೆಸಿ ಮಾಡುವ ನೂಡಲ್ಸ್ ಥರದ್ದು) ಆ ಕಡೆಯ ಮನೆಯಡುಗೆ, ಮೇಲೆ ಕರಿದ ಈರುಳ್ಳಿ. ನಾನು ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ತಿಂದೆ, ಕಾಮನ್ ಕಿಚನ್‌ನಲ್ಲಿದ್ದ ಉಳಿದವರೂ ಕೇಳಿ ಹಾಕಿಸಿಕೊಂಡರು. ಕಾಕು ಕೊಟ್ಟ ಡಬ್ಬಿ ಬೇಗ ಖಾಲಿಯಾಗಲು ಅದೇ ಕಾರಣ. ನೆನಪಿಡಿ, ಭಾನುವಾರ ಬಹುತೇಕ ಅಂಗಡಿಗಳು ಬಂದ್. "ರವಿವಾರ ಏನೂ ಸಿಗಂಗಿಲ್ಲ, ಶನಿವಾರನ ತರಬೇಕು" ಅನ್ನುವುದು ಅವಳ ವಾರದ ಮಂತ್ರ.

ಹೊರಗೆ ಹೋದದ್ದು ಅಂದರೆ ಉಲ್ಮ್ ಮತ್ತು ಸ್ಟ್ರಾಸ್‌ಬುರ್ಗ್. ಉಲ್ಮ್‌ನ ಚರ್ಚಿನ ಗೋಪುರ 161.5 ಮೀಟರ್, 1377ರಲ್ಲಿ ಅಡಿಪಾಯ ಹಾಕಿ 1890ರಲ್ಲಿ ಮುಗಿಸಿದ್ದು. ಐನ್‌ಸ್ಟೈನ್ ಹುಟ್ಟಿದ ಊರೂ ಹೌದು. ನೋಡಿದೆವು, ಕುತ್ತಿಗೆ ನೋವು ಬಂತು, ವಾಪಸ್ ಬಂದೆವು. ಸ್ಟ್ರಾಸ್‌ಬುರ್ಗ್ ಫ್ರಾನ್ಸಿನದು. ಜರ್ಮನಿಯ ಕೇಲ್ ಎಂಬ ಊರಿನ ತನಕ ರೈಲು, ಅಲ್ಲಿಂದ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಬೇರೆ ದೇಶ! ಹೋಗುವಾಗ ಯಾರೂ ಏನೂ ಕೇಳಲಿಲ್ಲ. ಆದರೆ ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ಭೂಗಡಿಗಳಲ್ಲಿ ಮತ್ತೆ ತಪಾಸಣೆ ಶುರು ಮಾಡಿದೆ, ಪಾಸ್‌ಪೋರ್ಟ್ ಜೊತೆಗೇ ಇರಲಿ.

ಜರ್ಮನಿಯೊಳಗಿನ ಓಡಾಟಕ್ಕೆಲ್ಲ ಬಳಸಿದ್ದು ಡಾಯ್ಚ್‌ಲಾಂಡ್ ಟಿಕೆಟ್. 2025ರಲ್ಲಿ ತಿಂಗಳಿಗೆ 58 ಯೂರೋ ಇತ್ತು, ದೇಶದ ಯಾವುದೇ ಲೋಕಲ್ ಬಸ್ಸು, ಟ್ರಾಮ್, ರೀಜನಲ್ ರೈಲಿನಲ್ಲಿ ಎಷ್ಟು ಸಲ ಬೇಕಾದರೂ ಓಡಾಡಿ. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ಇದು ತಿಂಗಳು ತಿಂಗಳು ತಾನಾಗಿಯೇ ಮುಂದುವರಿಯುವ ಚಂದಾ, ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಕಟ್ಟಾಗುತ್ತದೆ. ಉಳಿಯಲು ಗೆಳತಿಯ ರೂಮು, ತಿನ್ನಲು ಅವಳ ಕಿಚನ್. ವಿಮಾನದ ಟಿಕೆಟ್ ಬಿಟ್ಟರೆ ಉಳಿದ ಖರ್ಚು ನಾನು ಹೆದರಿದಷ್ಟು ಆಗಲಿಲ್ಲ.

ಬಂದ ಮರುದಿನವೇ ಕಾಕು ಕರೆದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಸೊರಗಿದ್ದಾಳೆ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ನಿದ್ದೆ ಮಾಡುವುದಿಲ್ಲ. ಒಂದು ಸಂಜೆ ಸುಮ್ನೆ ಅತ್ತಳು, ಕಾರಣ ಕೇಳಿದರೆ ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವುದು ನೆನಪಾಯಿತು ಅಂದಳು. ಆದರೆ ಅಡುಗೆ ಕಲಿತಿದ್ದಾಳೆ, ಜಗಳ ಆಡಲು ಸಾಕಾಗುವಷ್ಟು ಜರ್ಮನ್ ಬರುತ್ತದೆ, ಕಾಯಿಲೆ ಬಿದ್ದಾಗ ಗಂಜಿ ಮಾಡಿಕೊಡುವ ಗೆಳತಿಯರು ಇಬ್ಬರಿದ್ದಾರೆ. ಕಾಕು ಎಲ್ಲ ಕೇಳಿ, "ಹೂಂ, ಇಷ್ಟ ಬೇಕಾಗಿತ್ತ ನನಗ" ಅಂದು ಚಹಾ ಇಡಲು ಎದ್ದರು.

ನೀನೂ ಹೋಗ್ತೀಯಾ ಅಂತ ಈಗ ಎಲ್ಲರೂ ಕೇಳುತ್ತಿದ್ದಾರೆ. ಸದ್ಯಕ್ಕಿಲ್ಲ. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಕೆಲಸಕ್ಕೆ ಸೇರುತ್ತೇನೆ. ಆ ಬ್ಲಾಕ್ಡ್ ಅಕೌಂಟಿನ ಹನ್ನೆರಡು ಲಕ್ಷಕ್ಕೆ ಅಪ್ಪನ ಮುಂದೆ ಕೈಚಾಚುವ ಮನಸ್ಸಿಲ್ಲ. ಎರಡು ಮೂರು ವರ್ಷ ದುಡಿದು, ಅದರಲ್ಲಿ ಅರ್ಧವಾದರೂ ನನ್ನದೇ ಆದಾಗ ಮತ್ತೆ ಯೋಚನೆ ಮಾಡುತ್ತೇನೆ.