ಯಾರ್ಕ್‌ಷೈರ್‌ನ ಉಗಿ ಎಂಜಿನ್‌ಗಳ ಬೆನ್ನು ಹತ್ತಿ ಎರಡು ದಿನ

ಬ್ರಿಟನ್ನಿನ ಹಳೆಯ ಉಗಿ ಎಂಜಿನ್‌ಗಳನ್ನು ನೋಡಬೇಕೆಂದು ಹೊರಡುವ ನಮ್ಮವರು ಸಾಮಾನ್ಯವಾಗಿ ಲಂಡನ್ನಿನಿಂದ ಬೆಳಿಗ್ಗೆ ಯಾರ್ಕ್ ನಗರಕ್ಕೆ ಬಂದು, ಅಲ್ಲಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಸುತ್ತಿ, ಮ್ಯಾಲಾರ್ಡ್ ಎಂಜಿನ್ನಿನ ಮುಂದೆ ಫೋಟೋ ತೆಗೆಸಿಕೊಂಡು ಸಂಜೆಯ ರೈಲಿಗೆ ಮರಳುತ್ತಾರೆ. ಲೀಡ್ಸ್‌ನಲ್ಲಿರುವ ಮಗಳು ಹಟ ಹಿಡಿದು ಇನ್ನೊಂದು ದಿನ ಸೇರಿಸದಿದ್ದರೆ ನಾನೂ ನನ್ನ ಹೆಂಡತಿಯೂ ಅಷ್ಟನ್ನೇ ಮಾಡುತ್ತಿದ್ದೆವು. ಈಗ ಯಾರಾದರೂ ಕೇಳಿದರೆ, ಒಂದೇ ದಿನ ಕೈಯಲ್ಲಿದ್ದರೆ ಮ್ಯೂಸಿಯಂ ಬಿಟ್ಟು, ಮೂರ್ಸ್ ಎಂಬ ಗುಡ್ಡಗಾಡಿನಲ್ಲಿ ಇನ್ನೂ ಓಡುವ ಉಗಿ ರೈಲಿನ ಕಡೆಗೆ ಹೋಗಿ, ಎರಡು ದಿನವಿದ್ದರೆ ಮೊದಲ ದಿನವನ್ನು ಮ್ಯೂಸಿಯಂಗೆ ಕೊಡಿ ಎಂದು ಹೇಳುತ್ತೇನೆ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ಟಿಕೆಟ್ಟನ್ನು ಕೆಲವು ವಾರ ಮುಂಚೆಯೇ ಕಾಯ್ದಿರಿಸಿದರೆ ದರದಲ್ಲಿ ಬಹಳ ವ್ಯತ್ಯಾಸವಾಗುತ್ತದೆ. 1975ರಲ್ಲಿ ತೆರೆದ ಮ್ಯೂಸಿಯಂ ನಿಲ್ದಾಣದ ಹಿಂಬದಿಗೇ ಇದೆ, ಪ್ರವೇಶಕ್ಕೆ ಶುಲ್ಕವಿಲ್ಲ. ಒಳಗೆ ಹೋದವರು ನೇರವಾಗಿ ಮ್ಯಾಲಾರ್ಡ್ ಹುಡುಕಿಕೊಂಡು ಹೋಗದೆ, ಮೊದಲು ಎಲರ್‌ಮನ್ ಲೈನ್ಸ್ ಎಂಬ ಎಂಜಿನ್ ನೋಡುವುದು ಒಳ್ಳೆಯದು. 1949ರ ಈ ಎಂಜಿನ್ನಿನ ಒಂದು ಮಗ್ಗುಲನ್ನು ಉದ್ದಕ್ಕೂ ಸೀಳಿ ಇಟ್ಟಿರುವುದರಿಂದ ಕುಲುಮೆಯ ಬಿಸಿಗಾಳಿ ಬಾಯ್ಲರಿನ ಕೊಳವೆಗಳೊಳಗೆ ಹಾಯ್ದು ಸುತ್ತಲಿನ ನೀರನ್ನು ಕುದಿಸುವ ಬಗೆಯೂ, ಆ ಉಗಿ ಸಿಲಿಂಡರಿಗೆ ಇಳಿದು ಚಕ್ರವನ್ನು ತಳ್ಳುವ ಬಗೆಯೂ ಕಣ್ಣಿಗೆ ಕಾಣುತ್ತವೆ. ಅದನ್ನು ನೋಡಿದ ಮೇಲೆ ಉಳಿದ ಎಂಜಿನ್‌ಗಳು ಬಣ್ಣದ ಕಬ್ಬಿಣದ ರಾಶಿಯಂತೆ ಕಾಣುವುದಿಲ್ಲ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್ ವೇಗ ಮುಟ್ಟಿದ ಮ್ಯಾಲಾರ್ಡ್‌ನ ದಾಖಲೆಯನ್ನು ಬೇರೆ ಯಾವ ಉಗಿ ಎಂಜಿನ್ನೂ ಮುರಿದಿಲ್ಲ. ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಈವ್ನಿಂಗ್ ಸ್ಟಾರ್. ಬ್ರಿಟಿಷ್ ರೈಲ್ವೆಗೆಂದು ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್ ಅದು. 1960ರಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಂದು 1965ರಲ್ಲೇ ಕೆಲಸದಿಂದ ನಿವೃತ್ತವಾಯಿತು. 1948ರಲ್ಲಿ ಸುಮಾರು 20,000 ಉಗಿ ಎಂಜಿನ್ ಇದ್ದ ದೇಶದಲ್ಲಿ 1968ರ ಆಗಸ್ಟ್ ಹೊತ್ತಿಗೆ ಮುಖ್ಯ ಮಾರ್ಗಗಳ ಉಗಿ ಸಂಚಾರವೇ ನಿಂತುಹೋಗಿತ್ತು.

ಎರಡನೆಯ ದಿನ ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆಗೆ ಹೋಗಬೇಕು. ಪಿಕರಿಂಗ್‌ನಿಂದ ಗ್ರೋಸ್ಮಂಟ್‌ವರೆಗೆ 18 ಮೈಲಿಯ ಈ ಮಾರ್ಗ 1965ರಲ್ಲಿ ಮುಚ್ಚಿ, ಹವ್ಯಾಸಿಗಳ ಪ್ರಯತ್ನದಿಂದ 1973ರಲ್ಲಿ ಮತ್ತೆ ತೆರೆಯಿತು. ಕೆಲವು ಗಾಡಿಗಳು ಗ್ರೋಸ್ಮಂಟ್ ದಾಟಿ ಕಡಲತೀರದ ವಿಟ್‌ಬಿಯವರೆಗೂ ಹೋಗುತ್ತವೆ. ಪಿಕರಿಂಗ್‌ಗೆ ಯಾರ್ಕ್‌ನಿಂದ ರೈಲು ಇಲ್ಲ. ಲೀಡ್ಸ್‌ನಿಂದ ಹೊರಟು ಯಾರ್ಕ್, ಮಾಲ್ಟನ್ ಮೂಲಕ ಬರುವ 840 ಸಂಖ್ಯೆಯ ಕೋಸ್ಟ್‌ಲೈನರ್ ಬಸ್ಸನ್ನೇ ಹಿಡಿಯಬೇಕು. ಬಸ್ಸುಗಳು ವಿರಳವಾದ್ದರಿಂದ ರೈಲಿನ ವೇಳಾಪಟ್ಟಿಗಿಂತ ಮೊದಲು ಬಸ್ಸಿನ ವೇಳಾಪಟ್ಟಿ ನೋಡಿ. ಅಂದ ಹಾಗೆ, ಗ್ರೋಸ್ಮಂಟ್ ಎಂದು ನಾವು ಬರೆದಂತೆ ಉಚ್ಚರಿಸಿದರೆ ಅಲ್ಲಿಯವರಿಗೆ ಅರ್ಥವಾಗುವುದಿಲ್ಲ. ಅವರ ಬಾಯಲ್ಲಿ ಅದು 'ಗ್ರೋಮಂಟ್'.

ಇಡೀ ದಾರಿಯನ್ನು ಹೋಗುವಾಗಲೂ ಬರುವಾಗಲೂ ರೈಲಿನಲ್ಲೇ ಕಳೆಯಬೇಡಿ. ಪಿಕರಿಂಗ್‌ನಲ್ಲಿ ಹತ್ತಿ, ನ್ಯೂಟನ್‌ಡೇಲ್ ಕಣಿವೆ ದಾಟಿ ಗೋತ್‌ಲೆಂಡ್‌ನಲ್ಲಿ ಇಳಿದರೆ, ಅಲ್ಲಿಂದ ಗ್ರೋಸ್ಮಂಟ್‌ಗೆ ಐದೂವರೆ ಕಿಲೋಮೀಟರಿನಷ್ಟು ಇಳಿಜಾರಿನ ಕಾಲುದಾರಿಯಿದೆ. ಮಂಡಿನೋವಿನ ನನ್ನ ಹೆಂಡತಿಯೂ ನಡೆದಳು ಎಂದರೆ ಹೆಚ್ಚು ಹೇಳಬೇಕಾಗಿಲ್ಲ. ಜಾರ್ಜ್ ಸ್ಟೀಫನ್‌ಸನ್ 1836ರಲ್ಲಿ ಹಾಕಿದ ಮೂಲ ಮಾರ್ಗವೇ ಈ ಕಾಲುದಾರಿ. ಆಗ ಇಲ್ಲಿ ಬಂಡಿಗಳನ್ನು ಎಳೆಯುತ್ತಿದ್ದದ್ದು ಕುದುರೆಗಳು, ಬೆಕ್ ಹೋಲ್ ಎಂಬಲ್ಲಿನ ಕಡಿದಾದ ಏರಿನಲ್ಲಿ ಮಾತ್ರ ಹಗ್ಗ ಕಟ್ಟಿ ಮೇಲೆಳೆಯುತ್ತಿದ್ದರು. ಆ ಏರಿನ ಕಾಟ ತಪ್ಪಿಸಲೆಂದೇ ಈಗಿನ ರೈಲು ಹೋಗುವ ಬಳಸುದಾರಿಯನ್ನು 1865ರಲ್ಲಿ ತೆರೆದದ್ದು.

ಕಾಲುದಾರಿ ಮುಗಿಯುವುದು ಗ್ರೋಸ್ಮಂಟ್ ಲೋಕೋ ಶೆಡ್ಡಿನ ಪಕ್ಕದಲ್ಲಿ. ನಿಲ್ದಾಣದ ಕಡೆಯಿಂದ ಬರುವವರು ಕುದುರೆಗಾಡಿಯ ಕಾಲದ ಕಿರಿದಾದ ಸುರಂಗದೊಳಗೆ ನಡೆದು ಇಲ್ಲಿಗೆ ತಲುಪಬಹುದು. ಇಡೀ ಪ್ರವಾಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು, ಕಡಿಮೆಯೆಂದರೂ ಎರಡು ಗಂಟೆ. ನಾವು ಹೋದಾಗ ಎಣ್ಣೆ ಮೆತ್ತಿದ ನೀಲಿ ಉಡುಪಿನ ಇಬ್ಬರು ಹುಡುಗರು ಒಂದು ಎಂಜಿನ್ನಿನ ಬೂದಿಗುಂಡಿಯನ್ನು ಉದ್ದನೆಯ ಸಲಾಕೆಯಿಂದ ಗೋರುತ್ತಿದ್ದರು. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬರು ಉದ್ದ ಮೂತಿಯ ಎಣ್ಣೆಡಬ್ಬಿ ಹಿಡಿದು, ಚಕ್ರಗಳ ನಡುವೆ ಬಗ್ಗಿ, ಒಂದೊಂದು ಬೇರಿಂಗಿನ ಬಿರಟೆ ತೆಗೆದು ಎಣ್ಣೆ ತುಂಬಿ ಮತ್ತೆ ಮುಚ್ಚುತ್ತಿದ್ದರು. ನಾನು ಮಾತನಾಡಿಸಿದಾಗ, ಬಾಯ್ಲರು ಏರುಪೇರಾಗಿ ಹಿಗ್ಗಬಾರದೆಂದು ಬೆಂಕಿಯನ್ನು ನಿಧಾನವಾಗಿ ಎಬ್ಬಿಸಬೇಕು, ಆದ್ದರಿಂದ ಬೆಳಗಿನ ಗಾಡಿಗೆ ನಸುಕಿಗಿಂತ ಮುಂಚೆಯೇ ಕೆಲಸ ಶುರುವಾಗುತ್ತದೆ ಎಂದರು. ಇಂಥವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು.

ಅಲ್ಲಿ ನಿಂತಿದ್ದ 63395 ಸಂಖ್ಯೆಯ ಕಪ್ಪು ಎಂಜಿನ್ 1918ರಲ್ಲಿ ಡಾರ್ಲಿಂಗ್‌ಟನ್‌ನಲ್ಲಿ ಹುಟ್ಟಿದ್ದು. ಕ್ಯೂ6 ಎಂಬ ಈ ಬಳಗದ 120 ಎಂಜಿನ್‌ಗಳಲ್ಲಿ ಉಳಿದಿರುವುದು ಇದೊಂದೇ. ಈಶಾನ್ಯ ಇಂಗ್ಲೆಂಡಿನ ಗಣಿಗಳ ಕಲ್ಲಿದ್ದಲನ್ನು 1967ರವರೆಗೆ, ಅಂದರೆ 49 ವರ್ಷ ಎಳೆದು ದಣಿದದ್ದು. ಇದೇ ಮಾರ್ಗಕ್ಕೆ ಸೇರಿದ 80135 ಎಂಬ ಎಂಜಿನ್ನಾದರೋ 1956ರಲ್ಲಿ ಕೆಲಸಕ್ಕೆ ಸೇರಿ ಒಂಬತ್ತೇ ವರ್ಷಕ್ಕೆ ಗುಜರಿ ಸೇರಿತು. ವೇಲ್ಸ್‌ನ ಬ್ಯಾರಿ ಊರಿನ ಗುಜರಿ ವ್ಯಾಪಾರಿ ಡೈ ವುಡ್‌ಹ್ಯಾಮ್ ಎಂಜಿನ್‌ಗಳಿಗಿಂತ ಮೊದಲು ವ್ಯಾಗನ್‌ಗಳನ್ನು ಕತ್ತರಿಸಲು ಹೊರಟದ್ದರಿಂದ, ಅಲ್ಲಿಗೆ ಬಂದ 297 ಎಂಜಿನ್‌ಗಳಲ್ಲಿ 213 ಕಡಲಗಾಳಿಗೆ ತುಕ್ಕು ಹಿಡಿಯುತ್ತಲೇ ಬದುಕಿ ಉಳಿದವು. 80135 ಅವುಗಳಲ್ಲೊಂದು, ಯಾರ್ಕ್‌ನ ಎಲರ್‌ಮನ್ ಲೈನ್ಸ್ ಕೂಡ. ಹೀಗೆ ಬದುಕಿ ಉಳಿದ ಎಂಜಿನ್‌ಗಳನ್ನು ಓಡಿಸುವುದು ಅಗ್ಗದ ಮಾತಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಎತ್ತಿ ಇಳಿಸಿ, ಕೊಳವೆಗಳನ್ನು ಕಿತ್ತು, ತಾಮ್ರದ ಕುಲುಮೆಯ ಬಿರುಕು ಹುಡುಕಿ, ಮತ್ತೆ ಪರೀಕ್ಷೆಗೆ ಒಡ್ಡಬೇಕು. ಯಾರ್ಕ್‌ಷೈರ್‌ನ ಕೆಲಿಂಗ್ಲಿಯಲ್ಲಿದ್ದ ದೇಶದ ಕೊನೆಯ ಆಳದ ಕಲ್ಲಿದ್ದಲ ಗಣಿ 2015ರಲ್ಲಿ ಮುಚ್ಚಿತು, ಈಗ ಇಂಥ ರೈಲುಗಳು ಹೊರದೇಶದ ಕಲ್ಲಿದ್ದಲನ್ನು ನೆಚ್ಚಿಕೊಂಡಿವೆ. ಟಿಕೆಟ್ ದುಬಾರಿ ಎನಿಸಿದಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಮರಳುವ ಗಾಡಿಯಲ್ಲಿ ಎಂಜಿನ್ನಿಗೆ ಅಂಟಿದ ಮೊದಲ ಬೋಗಿಯಲ್ಲೇ ಕೂರಿ. ಗ್ರೋಸ್ಮಂಟ್‌ನಿಂದ ಗೋತ್‌ಲೆಂಡ್‌ಗೆ 49ಕ್ಕೆ 1ರ ಏರು, ಅಂದರೆ 49 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರೂ ಹೆಚ್ಚುಕಡಿಮೆ ಇಷ್ಟೇ, 50ಕ್ಕೆ 1. ನಮ್ಮ ಗಾಡಿಗೆ ಬ್ಲ್ಯಾಕ್ ಫೈವ್ ಬಳಗದ ಎಂಜಿನ್ ಇತ್ತು. ಒಂದೊಂದು ಉಸಿರನ್ನೂ ಎಣಿಸಬಹುದಾದಷ್ಟು ನಿಧಾನವಾಗಿ, ಆದರೆ ಒಮ್ಮೆಯೂ ಜಾರದೆ ಅದು ಏರಿತು. ಕಿಟಕಿಯಿಂದ ತಲೆ ಹೊರಹಾಕಬೇಡಿ ಎಂದು ಬರೆದದ್ದನ್ನು ಓದಿಯೂ ಇಣುಕಿದ ನನ್ನ ಕಣ್ಣಿಗೆ ಕಿಡಿಬೂದಿ ಬಿದ್ದು, ಗೋತ್‌ಲೆಂಡ್ ಬರುವವರೆಗೂ ಕಣ್ಣುಜ್ಜಿಕೊಂಡದ್ದೇ ಆಯಿತು. ಬಿಳಿ ಅಂಗಿಯನ್ನಂತೂ ಹಾಕಿಕೊಳ್ಳಲೇಬೇಡಿ.

ಗಾಡಿಗಳು ಮುಖ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ಬಹಳ ಒಣಹವೆಯಿದ್ದಾಗ ಕಿಡಿ ಹಾರಿ ಗುಡ್ಡದ ಹುಲ್ಲು ಹೊತ್ತಿಕೊಳ್ಳುವ ಭಯದಿಂದ ಉಗಿ ಎಂಜಿನ್ ಬದಲು ಡೀಸೆಲ್ ಹಾಕುವುದುಂಟು, ಹೊರಡುವ ಬೆಳಿಗ್ಗೆ ಅದನ್ನೊಮ್ಮೆ ವಿಚಾರಿಸಿಕೊಳ್ಳಿ. ಜುಲೈ ತಿಂಗಳಲ್ಲೂ ಸ್ವೆಟರ್ ಬೇಕಾಗುತ್ತದೆ. ವಿಟ್‌ಬಿಯವರೆಗೆ ಹೋಗುವ ಸಸ್ಯಾಹಾರಿಗಳು ಆಲೂಗಡ್ಡೆ ಚಿಪ್ಸ್ ಕೊಳ್ಳುವ ಮುನ್ನ ಯಾವುದರಲ್ಲಿ ಕರಿದದ್ದು ಎಂದು ಕೇಳಲೇಬೇಕು, ಏಕೆಂದರೆ ಆ ಸೀಮೆಯಲ್ಲಿ ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಬಹಳ. ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು. ಶೆಡ್ಡಿನ ಮುಂದೆ ಹೊತ್ತು ಮರೆತು ನಿಂತ ತಪ್ಪಿಗೆ ಪಿಕರಿಂಗ್‌ನಲ್ಲಿ ನಮಗೆ ಯಾರ್ಕ್ ಬಸ್ಸು ತಪ್ಪಿತು. ನಿಮಗೂ ಹಾಗಾದರೆ ಗಾಬರಿ ಬೇಡ, ಟ್ಯಾಕ್ಸಿ ಹಿಡಿದು ಮಾಲ್ಟನ್ ಸೇರಿಕೊಂಡರೆ ಅಲ್ಲಿಂದ ಯಾರ್ಕ್‌ಗೆ ರೈಲು ಸಿಗುತ್ತದೆ.