ಮ್ಯಾಗ್ನೆಟ್ ಇಟ್ಟುಕೊಂಡು ಹಾರಿದ ಉಪಗ್ರಹ

ಅಕ್ಕನ ಮಗ ಇವತ್ತು ನಾರ್ವೆಯಿಂದ ಫೋಟೊ ಕಳಿಸಿದ್ದ. ಆಕಾಶದ ತುಂಬ ಹಸಿರು ಬೆಳಕು, ಅಂದ್ರೆ ಅರೋರಾ (ಧ್ರುವಪ್ರಭೆ). ನನಗೆ ತಕ್ಷಣ ನೆನಪಾಗಿದ್ದು ಇಂಥ ಬೆಳಕನ್ನೂ ಅಳೆದ ಇಂಜುನ್ ಉಪಗ್ರಹಗಳು.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಜೇಮ್ಸ್ ವ್ಯಾನ್ ಅಲೆನ್ ಮತ್ತು ಅವರ ವಿದ್ಯಾರ್ಥಿಗಳು ಕಟ್ಟಿದ್ದು. ಕಾಲೇಜು ಪ್ರಾಜೆಕ್ಟ್ ಅಂದ್ರೆ ಸ್ಪೈರಲ್ ಬೈಂಡಿಂಗ್ ಅಂದುಕೊಂಡಿದ್ದವರು ನಾವು. ಇವರು ನೋಡಿ!

1961ರ ಜೂನ್‌ನಲ್ಲಿ ಇಂಜುನ್-1 ಹಾರಿತು. ಜೊತೆಗೆ ಹೋದ ಇನ್ನೊಂದು ಉಪಗ್ರಹದಿಂದ ಬೇರೆಯಾಗಲೇ ಇಲ್ಲ. ಎರಡೂ ಅಂಟಿಕೊಂಡೇ ಸುತ್ತಿದವು. ಆದ್ರೂ ಮಾಹಿತಿ ಕಳಿಸಿತು.

ನನಗೆ ಜಾಸ್ತಿ ಇಷ್ಟ ಆಗೋದು 1962ರ ಡಿಸೆಂಬರ್‌ನಲ್ಲಿ ಹೋದ ಇಂಜುನ್-3. ಅದರೊಳಗೆ ಒಂದು ಮ್ಯಾಗ್ನೆಟ್. ದಿಕ್ಸೂಚಿಯ ಮುಳ್ಳಿನ ಹಾಗೆ ಇಡೀ ಉಪಗ್ರಹ ಭೂಮಿಯ ಕಾಂತಕ್ಷೇತ್ರದ ಗುಂಟ ತಾನೇ ತಿರುಗಿ ನಿಲ್ಲುತ್ತಿತ್ತು. ಅದೇ ಕಾಂತರೇಖೆಗಳ ಗುಂಟ ಇಳಿದು ಬರುವ ಎಲೆಕ್ಟ್ರಾನ್‌ಗಳು ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕಕ್ಕೆ ಬಡಿದಾಗಲೇ ಈ ಹಸಿರು ಬರೋದು. ಉಪಗ್ರಹ ಮೇಲಿಂದ ಬೀಳುವ ಕಣಗಳನ್ನ ಎಣಿಸುತ್ತಲೇ ಕೆಳಗಿನ ಬೆಳಕನ್ನೂ ಅಳೆಯಬೇಕಿತ್ತು, ಅದಕ್ಕೇ ಹೀಗೆ ನಿಲ್ಲಬೇಕಿತ್ತು. ಇಂಧನ ಬೇಡ, ಮೋಟರ್ ಬೇಡ. ಸುಮ್ನೆ ಒಂದು ಮ್ಯಾಗ್ನೆಟ್. ಎಷ್ಟು ಜಾಣತನ ಅಲ್ವಾ?

ಅದರಲ್ಲಿದ್ದ ರೇಡಿಯೊ ರಿಸೀವರ್ ಕೆಲಸ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗರ್ನೆಟ್ ಅವರದು. ವಾಯೇಜರ್ 1 ಬಾಹ್ಯಾಕಾಶ ನೌಕೆ ನಕ್ಷತ್ರಗಳ ನಡುವಿನ ಜಾಗಕ್ಕೆ ಹೋಗಿದೆ ಅಂತ 2013ರಲ್ಲಿ ತೋರಿಸಿದ್ದೂ ಅವರ ತಂಡವೇ.

ಇದನ್ನೆಲ್ಲ ಅಕ್ಕನ ಮಗನಿಗೆ ಉದ್ದಕ್ಕೆ ಬರೆದು ಕಳಿಸಿದೆ. ಬಂದಿದ್ದು ಒಂದು ಥಂಬ್ಸ್ ಅಪ್.